ದಂಡೆಯ ಮೀನು ಯಾರದು?

ಕೊಹಿನೂರಿಗೆ ಕಡಲಿಲ್ಲ. ಬಸವಕಲ್ಯಾಣ ತಾಲ್ಲೂಕಿನ ಈ ಊರಿನ ಸೀಮೆಯಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಕಾಣುವುದು ಕರಿ ಎರೆ, ಕೆಂಪು ಮುರುಮು, ತೊಗರಿ, ಹಿಂಗಾರಿ ಜೋಳ. ಮೀನು ಅಂದರೆ ನಮಗೆ ಚುಳಕಿ ನಾಲಾದ್ದು, ಕಾರಂಜಾದ್ದು, ಇಲ್ಲವೇ ಕೆರೆಯದ್ದು. ಥಂಡಿ ದಿನಗಳಲ್ಲಿ ನೀರು ಇಳಿದು ದಂಡೆಯ ಗುಂಡುಕಲ್ಲು ಮೇಲೆದ್ದಾಗ ಅದರ ಮೇಲೆ ಕುಂತು ಗಾಳ ಹಾಕುವ ಹುಡುಗರು ಕಡಲು ನೋಡಿದ್ದು ಸಿನೆಮಾದಲ್ಲಿ. ಇಂಥ ಊರಿನವರಿಗೆ ಕಡಲದಂಡೆಯ ಮೀನಿನ ಮಾತು ಯಾಕೆ ಬೇಕು?

ಬೇಕು. ಯಾಕಂದರೆ 2025ರ ಮಾರ್ಚ್ 18ರಂದು ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಲ್ಲಿ ಒಬ್ಬ ದಲಿತ ಹೆಣ್ಣುಮಗಳನ್ನು, ಮೀನು ಕದ್ದಳೆಂದು ಆರೋಪಿಸಿ, ಮರಕ್ಕೆ ಕಟ್ಟಿ ಹೊಡೆದರು. ಆಕೆ ಕಡಲೂರಿನವಳಲ್ಲ. ಬಯಲುಸೀಮೆಯಿಂದ ಹೊಟ್ಟೆಪಾಡಿಗೆ ಅಲ್ಲಿಗೆ ಹೋದವಳು. ಸುತ್ತ ಮಂದಿ ನಿಂತು ನೋಡಿದರು. ಅದರ ವಿಡಿಯೋ ರಾಜ್ಯವೆಲ್ಲ ಹರಡಿತು. ಪೊಲೀಸರು ದಲಿತ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಕೇಸು ಹಾಕಿದರು, ಕೆಲವರನ್ನು ಹಿಡಿದರು. ಮುಖ್ಯಮಂತ್ರಿ ಖಂಡಿಸಿದರು. ಹಿಡಿದವರ ಪರವಾಗಿ ಮಲ್ಪೆಯಲ್ಲಿ ಪ್ರತಿಭಟನೆಯೂ ನಡೆಯಿತು. ಆಮೇಲೆ ಎಲ್ಲ ಸುದ್ದಿಯಂತೆ ಈ ಸುದ್ದಿಯೂ ತಣ್ಣಗಾಯಿತು.

ನಮ್ಮ ಸೀಮೆಯಿಂದಲೂ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋದವರಿದ್ದಾರೆ. ಪರಊರಿನಲ್ಲಿ ಹೆಸರು ಗೊತ್ತಿಲ್ಲದ ಕೂಲಿ ಹೆಣ್ಣುಮಗಳು ಅಂದರೆ ಆಕೆ ನಮ್ಮ ಅಕ್ಕನೋ ಸಣ್ಣವ್ವನೋ ಆಗಿರಬಹುದು. ಆದ್ದರಿಂದ ಮಲ್ಪೆಯ ಆ ಮರ ನಮ್ಮಿಂದ ನೂರಾರು ಮೈಲಿ ದೂರ ಇದ್ದರೂ ಅದರ ನೆರಳು ಕೊಹಿನೂರಿನವರೆಗೂ ಬರುತ್ತದೆ.

ಊರ ಕಟ್ಟೆಯ ಮೇಲೆ ಈ ಮಾತು ತೆಗೆದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮಾಸ್ತರ, ಹೊಡದದ್ದು ತಪ್ಪರಿ, ಒಪ್ಪತೀವಿ. ಆದ್ರ ಕಳವು ಮಾಡೋದೂ ತಪ್ಪಲ್ಲೇನ್ರಿ? ಕಳವು ಅಂದ್ರ ಕಳವೇ ಅಲ್ಲೇನು?"

ಈ ಪ್ರಶ್ನೆಯನ್ನು ಬೈದು ಕೂಡಿಸಬಾರದು. ಕೇಳುವವರು ಕೆಟ್ಟವರಲ್ಲ. ದುಡಿದು ತಿನ್ನುವವರೇ ಕೇಳುತ್ತಾರೆ. ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಶಿಕ್ಷೆ ಕೊಡುವ ಅಧಿಕಾರ ಯಾರದು ಅನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸರಳ. ಆ ಹೆಣ್ಣುಮಗಳ ಮೇಲಿನ ಆರೋಪ ನಿಜವೋ ಸುಳ್ಳೋ ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಮರವೂ ಹಗ್ಗವೂ ತೀರ್ಮಾನಿಸುವಂಥದ್ದಲ್ಲ. ಕೋಟಿಗಟ್ಟಲೆ ಬ್ಯಾಂಕ್ ಸಾಲ ನುಂಗಿದವನನ್ನು ಯಾವ ಊರಿನವರೂ ಮರಕ್ಕೆ ಕಟ್ಟಿದ್ದು ನಾವು ಕೇಳಿಲ್ಲ. ಅಂಥವನಿಗೆ ವಕೀಲ, ಜಾಮೀನು, ಮೇಲ್ಮನವಿ ಎಲ್ಲ ಇದೆ. ಆಕೆಗೆ ಇದ್ದದ್ದು ಮರ. ಈ ಮಾತು ಇಲ್ಲಿಗೆ ಮುಗಿಯಿತು.

ಎರಡನೆಯ ಪ್ರಶ್ನೆ ಕಠಿಣ. ಕಳವು ಅಂದರೆ ಏನು? ಯಾರೂ ಬಿತ್ತದ, ಯಾರೂ ನೀರುಣಿಸದ, ಯಾರೂ ಕಾಯದ ಕಡಲಿನ ಮೀನು ಯಾವ ಗಳಿಗೆಯಲ್ಲಿ ಒಬ್ಬರ ಸೊತ್ತಾಗುತ್ತದೆ? ಅದನ್ನು ಮುಟ್ಟಿದ ಇನ್ನೊಬ್ಬರು ಯಾವ ಗಳಿಗೆಯಲ್ಲಿ ಕಳ್ಳರಾಗುತ್ತಾರೆ? ನಾವು ಮಾತಾಡಬೇಕಾದ್ದು ಇದನ್ನು.

ಕಡಲೂರಿನವರ ದುಡಿಮೆಯನ್ನೇ ಮೊದಲು ನೋಡೋಣ. ಯಾಕಂದರೆ ಅವರೂ ದುಡಿಯುವವರೇ. ಕರಾವಳಿಯಲ್ಲಿ ಮೊಗವೀರರು, ಖಾರ್ವಿಗಳು, ಹರಿಕಂತರು, ಅಂಬಿಗರು ಹಿಂದಿನಿಂದ ದಂಡೆಯ ಮೇಲೆ ನಿಂತು ಮೀನು ಹಿಡಿದವರು. ಮಳೆಗಾಲದ ಅಬ್ಬರ ತಣಿದ ಮೇಲೆ ಅವರ ಸುಗ್ಗಿ ಶುರು. ನಮ್ಮಲ್ಲಿ ತೊಗರಿ ಕಾಯಿ ಬಲಿತು, ಚಳಿಗೆ ಮೈ ನಡುಗಿಸುತ್ತ ರಾಶಿ ಮಾಡುವ ದಿನಗಳಲ್ಲೇ ಅಲ್ಲಿ ಬಂಗುಡೆ, ಬೂತಾಯಿ ಹಿಂಡುಹಿಂಡಾಗಿ ದಂಡೆಯ ಹತ್ತಿರ ಬರುತ್ತವೆ. ಅವನ್ನು ಹಿಡಿಯುವ ಬಲೆಗೆ ರಂಪಣಿ ಅಂತ ಹೆಸರು. ಅದು ಒಬ್ಬನ ಕೈಗೆ ಬಗ್ಗುವ ಬಲೆಯಲ್ಲ. ಹಲವು ಮನೆಗಳ ಬಲೆಯ ತುಂಡುಗಳನ್ನು ಕೂಡಿಸಿ ಕಿಲೋಮೀಟರಿಗೂ ಮಿಕ್ಕಿದ ಉದ್ದದ ಒಂದು ಬಲೆ ಮಾಡುತ್ತಿದ್ದರು. ಇಂಥ ಕೂಟಕ್ಕೆ ಆ ಕಡೆ ರಂಪಣಿ ಫಂಡು ಅನ್ನುತ್ತಾರೆ.

ಕೆಲಸ ನಡೆಯುವ ರೀತಿ ಹೀಗೆ. ದಂಡೆಯ ಮೇಲೆ ಒಬ್ಬ ಅನುಭವಸ್ಥ ನೀರಿನ ಬಣ್ಣ ನೋಡುತ್ತ ನಿಲ್ಲುತ್ತಾನೆ. ಮೀನಿನ ಹಿಂಡು ಬಂದರೆ ನೀರಿನ ಮೇಲ್ಮೈ ಬೇರೆಯಾಗಿ ಕಾಣುತ್ತದೆ, ಪಳಗಿದ ಕಣ್ಣಿಗೆ ಅದು ತಿಳಿಯುತ್ತದೆ. ಬಲೆಯ ಒಂದು ತುದಿಯ ಹಗ್ಗ ದಂಡೆಯಲ್ಲೇ ಉಳಿಯುತ್ತದೆ. ದೋಣಿ ಬಲೆ ಬಿಡುತ್ತ ಅರ್ಧ ಚಂದ್ರನ ಹಾಗೆ ಸುತ್ತು ಹಾಕಿ ಇನ್ನೊಂದು ತುದಿಯನ್ನು ದೂರದಲ್ಲಿ ದಂಡೆಗೆ ತರುತ್ತದೆ. ಆಮೇಲೆ ಎರಡೂ ಕಡೆ ಹತ್ತಾರು ಮಂದಿ ಹಗ್ಗಕ್ಕೆ ಮೈಯೊಡ್ಡಿ ಎಳೆಯುತ್ತಾರೆ. ಬೆಳಗಿನ ಚಳಿ, ಒದ್ದೆ ಮರಳು, ಅಂಗೈ ಸುಲಿಯುವ ಹಗ್ಗ. ಒಂದು ಕಡೆಯವರು ಹಿಂದೆ ಬಿದ್ದರೆ ಬಲೆ ಸೊಟ್ಟಗಾಗಿ ಮೀನು ಜಾರುತ್ತದೆ. ಎಲ್ಲರ ಉಸಿರು ಒಂದಾದರೆ ಮಾತ್ರ ಬಲೆ ಮೇಲೆ ಬರುತ್ತದೆ. ಒಮ್ಮೊಮ್ಮೆ ಸಿಕ್ಕ ಮೀನು ಎಷ್ಟಿರುತ್ತಿತ್ತೆಂದರೆ ಬಲೆಯನ್ನು ನೀರಿನಲ್ಲೇ ಕಟ್ಟಿ ನಿಲ್ಲಿಸಿ, ಒಳಗಿನ ಮೀನನ್ನು ಜೀವಂತ ಇಟ್ಟುಕೊಂಡು, ದಿನಕ್ಕಿಷ್ಟು ಅಂತ ತೆಗೆಯುತ್ತಿದ್ದರು.

ಇಲ್ಲಿ ಸೊತ್ತಿನ ನಿಯಮ ಏನಾಗಿತ್ತು? ನೀರಿನಲ್ಲಿ ಇರುವಷ್ಟು ಹೊತ್ತು ಮೀನು ಯಾರದ್ದೂ ಅಲ್ಲ. ದಂಡೆಗೆ ಬಂದ ಮೇಲೆ ಬಲೆಯ ತುಂಡು ಕೊಟ್ಟವರಿಗೆ ಇಷ್ಟು, ದೋಣಿಗೆ ಇಷ್ಟು, ಹಗ್ಗ ಎಳೆದವರಿಗೆ ಇಷ್ಟು. ಅಂದರೆ ಹಕ್ಕು ಹುಟ್ಟುವುದು ಕೈಯಿಂದ. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು. ಇದು ಒಳ್ಳೆಯ ನಿಯಮ, ನಮ್ಮಂಥವರು ಒಪ್ಪಬೇಕಾದ ನಿಯಮ. ಶ್ರಮವೇ ಹಕ್ಕಿನ ತಾಯಿ ಅಂತ ನಾವೂ ಹೇಳುತ್ತ ಬಂದಿದ್ದೇವೆ.

ಆದರೆ ಈ ನಿಯಮಕ್ಕೆ ಒಂದು ಬಾಗಿಲು ಇತ್ತು. ಬಲೆಯ ತುಂಡು ಇದ್ದದ್ದು ಮೀನುಗಾರ ಜಾತಿಗಳ ಮನೆಗಳಲ್ಲಿ. ಹಗ್ಗಕ್ಕೆ ಯಾರು ಕೈ ಹಾಕಬಹುದು ಅನ್ನುವುದನ್ನು ಹುಟ್ಟು ಮೊದಲೇ ಹೇಳಿರುತ್ತಿತ್ತು. ಅದೇ ಕರಾವಳಿಯಲ್ಲಿ ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಕೊಡುವ ಅಜಲು ಎಂಬ ಪದ್ಧತಿ ಇತ್ತು. ಅದನ್ನು ನಿಲ್ಲಿಸಲು 2000ದಲ್ಲಿ ಕರ್ನಾಟಕ ಸರ್ಕಾರ ಕಾಯ್ದೆಯನ್ನೇ ಮಾಡಬೇಕಾಯಿತು. ಅದೂ ಒಂದು ಬಗೆಯ ಕೊಡುವಿಕೆಯೇ. ಕೊಟ್ಟದ್ದೆಲ್ಲ ಪಾಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಒಂದು ಮೀನನ್ನು ನಮ್ಮ ಮುಂದೆ ಇಟ್ಟುಕೊಳ್ಳೋಣ. ಒಂದೇ ಒಂದು ಬಂಗುಡೆ. ಹಗ್ಗ ಎಳೆದವನ ಕೈಗೆ ಬಂದರೆ ಅದರ ಹೆಸರು ಪಾಲು. ಬುಟ್ಟಿಯ ಒಡೆಯ ಮನಸ್ಸು ಬಂದು ಎಸೆದರೆ ಅದರ ಹೆಸರು ದಾನ. ಯಾರೂ ಎಸೆಯದೆ ಒಬ್ಬ ಬಡವಿ ತಾನೇ ಎತ್ತಿಕೊಂಡರೆ ಅದರ ಹೆಸರು ಕಳವು. ಮೀನು ಅದೇ. ಹಸಿವು ಅದೇ. ಬದಲಾದದ್ದು ಹೆಸರು. ಹಾಗಾದರೆ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿದೆ?

ಈ ಪ್ರಶ್ನೆಗೆ ಕಡಲೇ ಒಂದು ಉತ್ತರ ಕೊಟ್ಟಿದೆ. 1970ರ ದಶಕದ ನಡುವಿಗೆ ಮಂಗಳೂರು ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ಯಂತ್ರದ ದೋಣಿ, ದೊಡ್ಡ ನೈಲಾನ್ ಬಲೆ. ಮೀನಿನ ಹಿಂಡು ದಂಡೆಗೆ ಬರುವವರೆಗೆ ಅವು ಕಾಯುವುದಿಲ್ಲ. ಹಿಂಡು ಇದ್ದಲ್ಲಿಗೇ ಹೋಗಿ ಸುತ್ತು ಹಾಕಿ, ತಳದ ಹಗ್ಗ ಬಿಗಿದು, ಚೀಲದ ಬಾಯಿ ಕಟ್ಟಿದಂತೆ ಕಟ್ಟಿ ಎತ್ತಿಬಿಡುತ್ತವೆ. ಕೆಲವೇ ವರ್ಷಗಳಲ್ಲಿ ದಂಡೆಯ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಹಗ್ಗ ಎಳೆಯುತ್ತಿದ್ದ ಸಾವಿರಾರು ಕೈಗಳು ಖಾಲಿಯಾದವು. ಗೋವಾದಲ್ಲಿ ರಂಪಣಕಾರರು ಟ್ರಾಲರುಗಳ ವಿರುದ್ಧ ಬೀದಿಗೆ ಇಳಿದರು. ಕರ್ನಾಟಕದಲ್ಲೂ ಜಗಳ, ತಕರಾರು ಆದವು. 1980ರಲ್ಲಿ ಗೋವಾ, ಕೇರಳಗಳೂ 1986ರಲ್ಲಿ ಕರ್ನಾಟಕವೂ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ತಂದವು. ಆಮೇಲೆ ರಾತ್ರಿ ಪ್ರಖರ ಬೆಳಕು ಹಾಕಿ ಮೀನನ್ನು ಸೆಳೆದು ಹಿಡಿಯುವ ಉಪಾಯ ಬಂತು. ಅದನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು.

ದಂಡೆಗೆ ಬರಬೇಕಿದ್ದ ಮೀನನ್ನು ಆಳದಲ್ಲೇ ಬಾಚಿ ಸಾವಿರಾರು ಮನೆಗಳ ಪಾಲನ್ನು ಕೆಲವರ ಬುಟ್ಟಿಗೆ ಹಾಕಿದ್ದಕ್ಕೆ ಯಾವ ಹೆಸರು ಬಂತು? ಅಭಿವೃದ್ಧಿ. ಅದಕ್ಕೆ ಸಾಲ ಸಿಕ್ಕಿತು, ಸಹಾಯಧನ ಸಿಕ್ಕಿತು. ಯಾರನ್ನೂ ಯಾವ ಮರಕ್ಕೂ ಕಟ್ಟಲಿಲ್ಲ. ಕಟ್ಟಬೇಕಿತ್ತು ಅಂತ ನಾವು ಹೇಳುತ್ತಿಲ್ಲ. ತಕ್ಕಡಿಯ ಎರಡು ತಟ್ಟೆ ತೋರಿಸುತ್ತಿದ್ದೇವೆ, ಅಷ್ಟೇ.

ನಮ್ಮ ಊರಿನ ಹೆಸರನ್ನೇ ನೋಡಿರಿ. ಅದೇ ಹೆಸರಿನ ಒಂದು ವಜ್ರ ಇದೆ, ಜಗತ್ತಿಗೆಲ್ಲ ಗೊತ್ತಿರುವಂಥದ್ದು. 1849ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪಂಜಾಬನ್ನು ನುಂಗಿದಾಗ ಹತ್ತು ವರ್ಷದ ಹುಡುಗ ದುಲೀಪ್ ಸಿಂಗನಿಂದ ಸಹಿ ಹಾಕಿಸಿಕೊಂಡು ಆ ವಜ್ರವನ್ನು ಇಂಗ್ಲೆಂಡಿನ ರಾಣಿಗೆ ಒಯ್ದರು. ಅದಕ್ಕೆ ಕಾಗದದಲ್ಲಿ ಒಪ್ಪಂದ ಅಂತ ಹೆಸರು. ಅದು ಈಗಲೂ ಲಂಡನ್ನಿನಲ್ಲಿ ರಾಜಮನೆತನದ ಕಿರೀಟದಲ್ಲಿ ಕುಂತಿದೆ. ಮಗುವಿನ ಕೈಯಿಂದ ಕಸಿದದ್ದು ಒಪ್ಪಂದವಾಗುತ್ತದೆ, ದಂಡೆಯ ಮೀನಿಗೆ ಕೈ ಚಾಚಿದ್ದು ಕಳವಾಗುತ್ತದೆ. ದೊಡ್ಡದು ಒಯ್ದವರು ತಮ್ಮ ಕೆಲಸಕ್ಕೆ ತಾವೇ ಹೆಸರಿಟ್ಟುಕೊಳ್ಳುತ್ತಾರೆ. ಸಣ್ಣದು ಎತ್ತಿಕೊಂಡವರಿಗೆ ಬೇರೆಯವರು ಹೆಸರಿಡುತ್ತಾರೆ.

"ಅದೆಲ್ಲ ದೊಡ್ಡವರ ಮಾತು, ನಮ್ಮೂರಿನದು ಹೇಳ್ರಿ" ಅನ್ನಬಹುದು. ಹೇಳೋಣ. ನಮ್ಮಲ್ಲಿ ಹಕ್ಕಲ ಅನ್ನುವ ಒಂದು ಮಾತಿದೆ. ಬೆಳೆ ಕೊಯ್ದು ಒಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ, ಬಿದ್ದ ಕಾಳು, ಮಣ್ಣಿನೊಳಗೆ ಉಳಿದ ಶೇಂಗಾ. ಅದನ್ನು ಆಯುವವರು ಯಾರು? ಹೊಲಗೇರಿಯ ಮುದುಕಿಯರು, ಮಾದಿಗರ ಮಕ್ಕಳು, ಹೊಲ ಇಲ್ಲದವರು. ರಾಶಿಯ ದಿನ ಕಣ ಬಳಿಯುವವರೂ ಇವರೇ. ಹಿಂದೆ ಬಲುತೆ, ಆಯ ಅನ್ನುವ ಹೆಸರಿನಲ್ಲಿ ವರ್ಷವಿಡೀ ಮಾಡಿದ ಚಾಕರಿಗೆ ಕಣದ ಕೊನೆಯಲ್ಲಿ ಒಂದಿಷ್ಟು ಕಾಳು ಸಿಗುತ್ತಿತ್ತು. ಅದು ದುಡಿದ ಕೂಲಿ. ಆದರೆ ಕೊಡುವಾಗಿನ ಧಾಟಿ ಧರ್ಮಕ್ಕೆ ಕೊಟ್ಟಂತೆ. ಮಣ್ಣು ಬೆರೆತ ಕಾಳು ಉಡಿಯೊಳಗೆ ಬೀಳಬೇಕಾದರೆ ನಡು ಬಗ್ಗಿರಬೇಕಿತ್ತು.

ಎಳ್ಳ ಅಮಾಸಿಗೆ ನಮ್ಮ ಸೀಮೆಯ ಎಲ್ಲ ಹೊಲಗಳಲ್ಲಿ ಚರಗ ಚೆಲ್ಲುತ್ತಾರೆ. ಮನೆಯಲ್ಲಿ ಮಾಡಿದ್ದೆಲ್ಲ ಬುಟ್ಟಿಯಲ್ಲಿ ಹೊತ್ತು ಒಯ್ದು ಭೂಮಿತಾಯಿಗೆ ಅಂತ ಹೊಲದ ತುಂಬ ಎರಚುತ್ತಾರೆ. ಹಕ್ಕಿ ತಿನ್ನಲಿ, ಇರುವೆ ತಿನ್ನಲಿ ಅನ್ನುತ್ತಾರೆ. ಒಳ್ಳೆಯ ಹಬ್ಬ. ಆದರೆ ಅದೇ ಹೊಲದಲ್ಲಿ ತಿಂಗಳೆರಡು ತಿಂಗಳು ಕಳೆದು ಹಕ್ಕಲ ಆಯಲು ಬಂದ ಹುಡುಗಿಗೆ "ಯಾರ್ ಹೇಳ್ಯಾರ ನಿನಗ ಹೊಲದಾಗ ಕಾಲಿಡ್ಲಾಕ?" ಅನ್ನುವ ಕೂಗು ಬಿದ್ದದ್ದು ಹೊಸದೇನಲ್ಲ. ಹಕ್ಕಿಗೆ ಇರುವ ಹಕ್ಕು ಹುಡುಗಿಗೆ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂತ ತಿಳಿಯಬಾರದು. ಇಂಗ್ಲೆಂಡಿನಲ್ಲಿ ಬಡ ಹೆಂಗಸರು, ಮಕ್ಕಳು ಕೊಯ್ಲಾದ ಹೊಲದಲ್ಲಿ ಹಕ್ಕಲ ಆಯುವುದು ತಲೆತಲಾಂತರದ ರೂಢಿಯಾಗಿತ್ತು. 1788ರಲ್ಲಿ ಅಲ್ಲಿನ ನ್ಯಾಯಾಲಯ, ಅದು ಹಕ್ಕಲ್ಲ, ಹೊಲದ ಒಡೆಯನ ದಯೆ ಮಾತ್ರ ಎಂದು ತೀರ್ಪು ಕೊಟ್ಟಿತು. ಜರ್ಮನಿಯ ರೈನ್ ಸೀಮೆಯಲ್ಲಿ ಕಾಡಿನಲ್ಲಿ ಉದುರಿಬಿದ್ದ ಒಣ ಕಟ್ಟಿಗೆ ಆರಿಸುವುದನ್ನು ಕಳವು ಅಂತ ಕಾಯ್ದೆ ಮಾಡಲು ಜಮೀನ್ದಾರರ ಸಭೆ ಹೊರಟಿತ್ತು. 1842ರಲ್ಲಿ ಅದರ ವಿರುದ್ಧ ಲೇಖನ ಬರೆದ ಹುಡುಗ ಪತ್ರಕರ್ತನ ಹೆಸರು ಕಾರ್ಲ್ ಮಾರ್ಕ್ಸ್. ಬಡವರ ಹೊಟ್ಟೆಯ ಪ್ರಶ್ನೆಯ ಕಡೆಗೆ ಆತನನ್ನು ತಿರುಗಿಸಿದ ವಿಷಯಗಳಲ್ಲಿ ಈ ಬಿದ್ದ ಕಟ್ಟಿಗೆಯೂ ಒಂದು. ಮರಕ್ಕೂ ಒಣಗಿ ಉದುರಿದ ಕಡ್ಡಿಗೂ ಇನ್ನು ಸಂಬಂಧ ಎಲ್ಲಿದೆ, ಒಡೆಯನ ಹಕ್ಕು ಅಲ್ಲಿಯವರೆಗೂ ಚಾಚಬಹುದೆ ಅನ್ನುವುದು ಆತನ ತಕರಾರಾಗಿತ್ತು.

ನಮ್ಮ ಕಾನೂನಿಗೂ ಈ ಸೂಕ್ಷ್ಮ ಗೊತ್ತಿಲ್ಲದ್ದೇನಲ್ಲ. ಇನ್ನೊಬ್ಬರ ಸ್ವಾಧೀನದಲ್ಲಿ ಇರುವುದನ್ನು, ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ತೆಗೆದರೆ ಮಾತ್ರ ಕಳವು ಅಂತ 1860ರ ದಂಡಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ದಾರಿಯಲ್ಲಿ ಒಂದು ರೂಪಾಯಿ ಸಿಕ್ಕಿತು, ಯಾರದೆಂದು ಗೊತ್ತಿಲ್ಲ, ಎತ್ತಿಕೊಂಡರೆ ಅಪರಾಧವಲ್ಲ ಅಂತ ಅದೇ ಹಳೆಯ ಸಂಹಿತೆಯಲ್ಲಿ ಉದಾಹರಣೆ ಕೊಟ್ಟು ಬಿಡಿಸಿ ಹೇಳಿದ್ದಾರೆ. ಕಾಯ್ದೆಯ ಪುಸ್ತಕದಲ್ಲಿ ಇಷ್ಟು ಎಚ್ಚರ ಇದೆ. ದಂಡೆಗೆ, ಕಣಕ್ಕೆ, ಕೆರೆಯ ಏರಿಗೆ ಬಂದಾಗ ಆ ಎಚ್ಚರ ಎಲ್ಲಿ ಹೋಗುತ್ತದೆ? ಎತ್ತಿಕೊಂಡವರ ಜಾತಿಯನ್ನು, ಊರನ್ನು, ಸೀರೆಯನ್ನು ನೋಡಿ ತೀರ್ಪು ಮೊದಲೇ ಆಗಿರುತ್ತದೆ.

ಈಗ ನಮ್ಮ ಕಲ್ಯಾಣಕ್ಕೆ ಬರೋಣ. ಬಿದ್ದದ್ದನ್ನು ಆಯುವುದರ ಬಗ್ಗೆ ಜಗತ್ತಿನಲ್ಲೇ ಅಪರೂಪದ ಒಂದು ವಿಚಾರ ಹುಟ್ಟಿದ್ದು ಈ ಮಣ್ಣಿನಲ್ಲಿ. ಹನ್ನೆರಡನೆಯ ಶತಮಾನದಲ್ಲಿ ರಾಯಚೂರು ಸೀಮೆಯಿಂದ ಗಂಡಹೆಂಡತಿ ಇಬ್ಬರು ಕಲ್ಯಾಣಕ್ಕೆ ಬಂದರು. ಬೀದಿಯಲ್ಲಿ, ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದೇ ಅವರ ಕಾಯಕ. ಅದರಿಂದಲೇ ಅವರಿಗೆ ಹೆಸರು ಬಂತು: ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ಬಿದ್ದ ಕಾಳು ಆಯುವವರನ್ನು ಆ ಕಲ್ಯಾಣ ಕಳ್ಳರು ಅನ್ನಲಿಲ್ಲ, ಭಿಕ್ಷುಕರು ಅನ್ನಲಿಲ್ಲ. ಮಂತ್ರಿಯ ಕೆಲಸದ ಸಾಲಿನಲ್ಲೇ ಅದನ್ನೂ ಕಾಯಕ ಅಂತ ಕೂಡಿಸಿತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯರ ಪಕ್ಕದಲ್ಲಿ ಈ ಇಬ್ಬರೂ ಕುಂತರು.

ಶರಣರ ಕಥೆ ಹೇಳುವಂತೆ, ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಲಕ್ಕಮ್ಮ ಸಿಟ್ಟಾದಳು. ನಮ್ಮ ಅಗತ್ಯಕ್ಕಿಂತ ಹೆಚ್ಚಿನದು ನಮಗೆ ಯಾಕೆ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಅಂತ ಗಂಡನನ್ನು ಹಿಂದಕ್ಕೆ ಕಳಿಸಿದಳು. ಇಲ್ಲಿ ನಿಂತು ಯೋಚನೆ ಮಾಡಬೇಕು. ಲಕ್ಕಮ್ಮನ ಲೆಕ್ಕದಲ್ಲಿ ಕಳವು ಶುರುವಾಗುವುದು ಬೇರೆಯವರ ಬೇಲಿಯ ಹತ್ತಿರ ಅಲ್ಲ, ನಮ್ಮ ಅಗತ್ಯ ಮುಗಿಯುವ ಗೆರೆಯ ಹತ್ತಿರ. ಆ ಗೆರೆಯ ಈಚೆ ಆಯ್ದದ್ದು ಕಾಯಕ, ಆಚೆ ಆಯ್ದದ್ದು ಆಸೆ. ಈ ಅಳತೆಗೋಲು ಹಿಡಿದು ಕಡಲಿಗೆ ಹೋದರೆ ಮೊದಲು ಸಿಕ್ಕಿಬೀಳುವವರು ಯಾರು? ಬುಟ್ಟಿಯಲ್ಲಿ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು ಇಟ್ಟುಕೊಂಡವಳೋ, ದಂಡೆಯ ಸಾವಿರಾರು ಮನೆಗಳ ಸಾರನ್ನು ಆಳದಲ್ಲೇ ಬಾಚಿಕೊಂಡವರೋ?

ಇಲ್ಲಿಗೆ ನಿಲ್ಲಿಸಿದರೆ ಈ ಲೇಖನ ಚಂದ ಮುಗಿಯುತ್ತದೆ. ಬಸವ ಜಯಂತಿಯ ವೇದಿಕೆಯ ಮೇಲೆ ಓದಬಹುದು, ಚಪ್ಪಾಳೆ ಬೀಳುತ್ತದೆ. ಆದರೆ ದಲಿತ ಚಳವಳಿ ಇಲ್ಲಿ ನಿಲ್ಲಲು ಆಗುವುದಿಲ್ಲ. ಬಾಬಾಸಾಹೇಬರು ನಮ್ಮನ್ನು ನಿಲ್ಲಲು ಬಿಡುವುದಿಲ್ಲ.

1927ರ ಮಾರ್ಚ್ 19 ಮತ್ತು 20ರಂದು ಮಹಾಡಿನಲ್ಲಿ ಸೇರಿದ ಸಾವಿರಾರು ಮಂದಿಗೆ ಅಂಬೇಡ್ಕರ್ ಹೇಳಿದ ಮಾತುಗಳಲ್ಲಿ ಒಂದು ಇದು: ಸತ್ತ ದನದ ಮಾಂಸ ಬಿಡಿ, ಬೇರೆಯವರ ಎಂಜಲಿಗೆ ಕೈ ಒಡ್ಡುವುದನ್ನು ಬಿಡಿ. ಆಮೇಲೆ ಅವರು ಚವದಾರ್ ಕೆರೆಗೆ ನಡೆದರು, ನೀರು ಮುಟ್ಟಿದರು. ಬಾಯಾರಿಕೆಗಾಗಿ ಅಷ್ಟು ದೂರ ನಡೆದವರಲ್ಲ ಅವರು. ಎಲ್ಲರ ಹಾಗೆ ನಾವೂ ಮನುಷ್ಯರು ಎಂದು ತೋರಿಸಲು ನಡೆದವರು. ಆ ಕೆರೆಗಾಗಿ ಕೋರ್ಟಿನಲ್ಲಿ ಹತ್ತು ವರ್ಷ ಜಗಳ ನಡೆಯಿತು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮವರು ಗೆದ್ದರು.

ಹಾಗಾದರೆ ಲಕ್ಕಮ್ಮ ಬಿದ್ದದ್ದನ್ನು ಆಯಿರಿ ಅನ್ನುತ್ತಾಳೆ, ಅಂಬೇಡ್ಕರ್ ಬಿಟ್ಟದ್ದನ್ನು ಮುಟ್ಟಬೇಡಿ ಅನ್ನುತ್ತಾರೆ. ಯಾರ ಮಾತು ಹಿಡಿಯಬೇಕು? ನಮ್ಮ ಹುಡುಗರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಬಾರದು.

ಸೂಕ್ಷ್ಮವಾಗಿ ನೋಡಿದರೆ ಇಬ್ಬರೂ ಒಂದೇ ಶತ್ರುವಿನ ವಿರುದ್ಧ ಮಾತಾಡುತ್ತಾರೆ. ಆ ಶತ್ರುವಿನ ಹೆಸರು ಹಂಗು. ಲಕ್ಕಮ್ಮ ಆಯ್ದ ಅಕ್ಕಿಯಲ್ಲಿ ಹಂಗಿರಲಿಲ್ಲ. ಯಾಕಂದರೆ ಆ ಕಾಲದ ಕಲ್ಯಾಣದಲ್ಲಿ ಆಯುವವಳೂ ಅಳೆಯುವವರೂ ಒಂದೇ ಮಂಟಪದಲ್ಲಿ ಕುಂತು ಮಾತಾಡಬಹುದಿತ್ತು. ಆಕೆ ಮಹಾಮನೆಯವರಿಗೂ ಬುದ್ಧಿ ಹೇಳಬಹುದಿತ್ತು. ಎಂಜಲಲ್ಲಿ ಹಂಗಿದೆ. ಕೊಡುವವನ ಎದುರು ತಲೆ ಎತ್ತಿದ ದಿನ ಅದು ನಿಲ್ಲುತ್ತದೆ. ಕಾಳು ಒಂದೇ ಇರಬಹುದು. ತಲೆ ಎತ್ತಿ ಆಯಲು ಬರುತ್ತದೋ ಇಲ್ಲವೋ ಅನ್ನುವುದರ ಮೇಲೆ ಅದು ಕಾಯಕವೋ ಎಂಜಲೋ ಅಂತ ತೀರ್ಮಾನವಾಗುತ್ತದೆ. ಆ ಕಲ್ಯಾಣವೂ ಬಹಳ ದಿನ ಉಳಿಯಲಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದ ಮೇಲೆ ಏನಾಯಿತು ಅನ್ನುವುದನ್ನು ನಮ್ಮ ತಾಲ್ಲೂಕಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕಾಳು ಹಂಚಿಕೊಳ್ಳುವುದನ್ನು ತಾಳಿಕೊಂಡ ಸಮಾಜ ಮನೆ ಹಂಚಿಕೊಳ್ಳುವುದನ್ನು ತಾಳಿಕೊಳ್ಳಲಿಲ್ಲ.

ಅದಕ್ಕೇ ನಮ್ಮ ಬೇಡಿಕೆ ಹಕ್ಕಲಿಗೆ ನಿಲ್ಲಬಾರದು. ಹೊಲದಲ್ಲಿ ಉಳಿದ ತೆನೆ ಆಯಲು ಬಿಡಿ ಅನ್ನುವುದು ಇಂದಿನ ಹಸಿವಿನ ಮಾತು, ಅದಕ್ಕೂ ಬೆಲೆ ಇದೆ. ಹೊಲದಲ್ಲೇ ಪಾಲು ಬೇಕು ಅನ್ನುವುದು ನ್ಯಾಯದ ಮಾತು. ದಂಡೆಯಲ್ಲಿ ಬಿದ್ದ ಮೀನಿಗೆ ನಮ್ಮ ಹೆಣ್ಣುಮಕ್ಕಳು ಕೈ ಚಾಚಬೇಕಾದ ಗತಿ ಯಾಕೆ ಬಂತು? ಬಲೆಯಲ್ಲಿ ಅವರಿಗೊಂದು ತುಂಡು ಇಲ್ಲ, ಹಗ್ಗದಲ್ಲಿ ಅವರಿಗೊಂದು ಹಿಡಿ ಇಲ್ಲ, ತಮ್ಮ ಊರಿನಲ್ಲಿ ಅವರಿಗೊಂದು ಎಕರೆ ಇಲ್ಲ. ಇವೆಲ್ಲ ಇಲ್ಲವಾಗಿಸಿದ್ದು ಯಾರ ಕಳವು ಅಂತ ಕೇಳಿದರೆ ಮಾತ್ರ ನಮ್ಮ ಪ್ರಶ್ನೆ ಪೂರ್ತಿಯಾಗುತ್ತದೆ.

ಇನ್ನೊಂದು ನೋವಿನ ಮಾತು ಉಳಿದಿದೆ. ಅದನ್ನು ನುಂಗಿಕೊಂಡು ಮುಂದೆ ಹೋಗುವುದು ಸರಿಯಲ್ಲ. ಮಲ್ಪೆಯಲ್ಲಿ ಕೈ ಎತ್ತಿದವರಲ್ಲಿ ಹೆಂಗಸರೂ ಇದ್ದರು. ಬಂದರಿನಲ್ಲಿ ದುಡಿದು ತಿನ್ನುವವರ ನಡುವೆಯೇ ಇದು ನಡೆಯಿತು. ಯಾವ ಸಮುದಾಯದ ಪಾಲನ್ನು ಯಂತ್ರದ ದೋಣಿಯ ಬಂಡವಾಳ ಕಸಿದಿತ್ತೋ, ಯಾರನ್ನು ಮೀನಿನ ವಾಸನೆ ಅಂತ ಮೇಲಿನವರು ಮೂಗು ಮುಚ್ಚಿಕೊಂಡು ದೂರ ಇಟ್ಟಿದ್ದರೋ, ಅದೇ ಸಮುದಾಯದ ದಂಡೆಯಲ್ಲಿ ತಮಗಿಂತ ಬಡವಳಾದ ಒಬ್ಬಳ ಮೇಲೆ ಕೈ ಎದ್ದಿತು. ಇದು ಹೇಗೆ ಸಾಧ್ಯ?

ಅಂಬೇಡ್ಕರ್ ಇದಕ್ಕೆ ಶ್ರೇಣೀಕೃತ ಅಸಮಾನತೆ ಅಂತ ಹೆಸರಿಟ್ಟರು. ಏಣಿಯ ಪ್ರತಿ ಮೆಟ್ಟಿಲಿನವನಿಗೂ ಮೇಲಿನವನ ಒದೆ ಇದೆ, ಕೆಳಗಿನವನ ತಲೆಯೂ ಇದೆ. ಮೇಲಿನವನಿಗೆ ತಿರುಗಿಸಿ ಕೊಡಲಾಗದ ಒದೆಯನ್ನು ಅವನು ಕೆಳಗಿನ ತಲೆಗೆ ದಾಟಿಸುತ್ತಾನೆ. ಜಾತಿ ಬರೀ ದುಡಿಮೆಯನ್ನು ವಿಭಜಿಸುವುದಿಲ್ಲ, ದುಡಿಯುವವರನ್ನೇ ವಿಭಜಿಸುತ್ತದೆ ಅಂತ ಅವರು 1936ರಲ್ಲೇ ಬರೆದರು. ಪರ್ಸೀನ್ ದೋಣಿಯ ಒಡೆಯ ಕಣ್ಣಿಗೆ ಕಾಣುವಷ್ಟು ಹತ್ತಿರ ಇಲ್ಲ. ಪರಊರಿನ ಕೂಲಿಯವಳು ಕೈಗೆ ಸಿಗುವಷ್ಟು ಹತ್ತಿರ ಇದ್ದಾಳೆ. ಕೋಪಕ್ಕೆ ಹತ್ತಿರದ ಮರ ಸಾಕು.

ನಮ್ಮ ಸೀಮೆಯವರು ಇದನ್ನು ಓದಿ ಕರಾವಳಿಯವರನ್ನು ಬೈದು ಸುಮ್ಮನಾಗಬಾರದು. ನಮ್ಮಲ್ಲೂ ಹೊಲೆಯ ಮಾದಿಗನನ್ನು, ಮಾದಿಗ ಇನ್ನೊಬ್ಬನನ್ನು ಅಳೆಯುವ ಕೋಲು ಮನೆಯ ಮೂಲೆಯಲ್ಲಿದೆ. ಗಂಡಸರು ಹೆಂಗಸರನ್ನು ಅಳೆಯುವ ಕೋಲು ಎಲ್ಲರ ಮನೆಯಲ್ಲೂ ಇದೆ. ರಂಪಣಿ ಎಳೆದವರಿಗೆ ಒಂದು ಸತ್ಯ ಗೊತ್ತಿತ್ತು: ಎರಡು ಕಡೆಯ ಹಗ್ಗ ಸಮ ಬರದಿದ್ದರೆ ಬಲೆ ಸೊಟ್ಟಗಾಗುತ್ತದೆ, ಮೀನು ಜಾರುತ್ತದೆ. ದುಡಿಯುವವರು ಒಬ್ಬರನ್ನೊಬ್ಬರು ಹೊಡೆಯುತ್ತಿರುವಷ್ಟು ದಿನ ನಮ್ಮೆಲ್ಲರ ಬಲೆಯಿಂದ ಜಾರಿದ ಮೀನು ಯಾರ ಬುಟ್ಟಿಗೆ ಹೋಗುತ್ತಿದೆ ಅನ್ನುವುದನ್ನು ಲೆಕ್ಕ ಹಾಕಬೇಕು.

ಆ ಕಟ್ಟೆಯ ಮೇಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಳವು ಅಂದರೆ ಕಳವೇ, ಹೌದು. ಆದರೆ ಆ ಮಾತು ನಿಜವಾಗಬೇಕಾದರೆ ಎಲ್ಲ ಕಳವಿಗೂ ಅದೇ ಹೆಸರು ಇಡಬೇಕು. ದೊಡ್ಡದಕ್ಕೆ ಒಪ್ಪಂದ, ಅಭಿವೃದ್ಧಿ, ಗುತ್ತಿಗೆ ಅಂತ ಹೆಸರಿಟ್ಟು ಸಣ್ಣದಕ್ಕೆ ಮಾತ್ರ ಕಳವು ಅಂತ ಕರೆಯುವವರೆಗೆ ಆ ಪದಕ್ಕೆ ನೀತಿಯ ಬಲ ಇಲ್ಲ. ಬೆತ್ತದ ಬಲ ಮಾತ್ರ ಇದೆ. ಪಾಲು ಇಲ್ಲದವರ ಮೇಲೆ ಕಳವಿನ ಆರೋಪ ಹೊರಿಸುವ ಮೊದಲು ಅವರಿಗೆ ಯಾಕೆ ಪಾಲಿಲ್ಲ ಎಂದು ಆ ಸಮಾಜ ಉತ್ತರ ಹೇಳಬೇಕು.

ಕಡಲಿಲ್ಲದ ನಾವು ಏನು ಮಾಡಬಹುದು? ನಮ್ಮಲ್ಲೂ ದಂಡೆಗಳಿವೆ. ನಮ್ಮ ಕಡೆಯ ಕೆರೆ, ಜಲಾಶಯಗಳ ಮೀನು ಗುತ್ತಿಗೆಗೆ ಹೋಗುತ್ತದೆ. ಕಾಟ್ಲಾ, ರೋಹು, ಮೃಗಾಲದ ಮರಿ ಬಿಟ್ಟು ಬೆಳೆಸುತ್ತಾರೆ. ಮರಿ ಬಿಟ್ಟವರಿಗೆ ಅದರ ಮೇಲೆ ಹಕ್ಕಿದೆ, ಒಪ್ಪೋಣ. ಆದರೆ ಅದೇ ನೀರಿನಲ್ಲಿ ಯಾರೂ ಬಿಡದ ಏಡಿ, ಸಣ್ಣ ಮೀನು ಇರುತ್ತವೆ. ಥಂಡಿಯಲ್ಲಿ ಕಲ್ಲಿನ ಮೇಲೆ ಕುಂತು ಗಾಳ ಹಾಕಿದ ಹುಡುಗನನ್ನು ಓಡಿಸುವಾಗ ಆ ಹಕ್ಕು ಎಲ್ಲಿಗೆ ಮುಗಿಯುತ್ತದೆ? ಗುತ್ತಿಗೆ ಯಾರ ಹೆಸರಿನಲ್ಲಿದೆ, ದುಡ್ಡು ಯಾರದು, ಬಲೆ ಎಳೆಯುವವರು ಯಾರು, ಅವರಿಗೆ ಸಿಗುವುದೆಷ್ಟು? ಮೀನುಗಾರರ ಸಹಕಾರ ಸಂಘದಲ್ಲಿ ಹೊಲಗೇರಿಯ ಎಷ್ಟು ಮಂದಿ ಸದಸ್ಯರಿದ್ದಾರೆ? ಇವು ಕಾಗದದಲ್ಲಿ ಸಿಗುವ ಉತ್ತರಗಳು. ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬರುವ ವಿದ್ಯಾರ್ಥಿಗಳು ನಮ್ಮ ಊರುಗಳಲ್ಲಿ ಈಗ ಇದ್ದಾರೆ.

ಮಾಸ್ತರರಿಗೂ ಒಂದು ಕೆಲಸ ಇದೆ. ಶಾಲೆಯಲ್ಲಿ "ಕದಿಯಬೇಡ" ಅನ್ನುವ ಪಾಠ ಮಾಡುವ ದಿನ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನೂ, ಹತ್ತು ವರ್ಷದ ದುಲೀಪ್ ಸಿಂಗನ ಕಥೆಯನ್ನೂ ಪಕ್ಕದಲ್ಲಿಟ್ಟು ಹೇಳಿರಿ. ಯಾವುದು ಕಳವು ಅಂತ ಮಕ್ಕಳೇ ಹೇಳಲಿ. ಕೊನೆಯ ಬೆಂಚಿನಲ್ಲಿ ಕುಂತ, ಅವ್ವನ ಜೊತೆ ಹಕ್ಕಲ ಆಯ್ದು ಬಂದ ಹುಡುಗಿಗೆ ಮೊದಲು ಮಾತಾಡಲು ಬಿಡಿರಿ.

ಮತ್ತೆ ಮುಂದಿನ ಗ್ರಾಮಸಭೆಗೆ ಕೆರೆಯ ಗುತ್ತಿಗೆಯ ಪ್ರಶ್ನೆಯನ್ನು ಬರೆದುಕೊಂಡೇ ಹೋಗೋಣ. ಒಬ್ಬೊಬ್ಬರಾಗಿ ಬೇಡ, ಕೇರಿಯವರೆಲ್ಲ ಕೂಡಿ ಹೋಗೋಣ.